ಮಳೆಗಾಲದ ಘಟ್ಟದಲ್ಲಿ ಎಬಿಎಸ್: ಕಾಲು ತೆಗೆಯಬೇಡಿ, ಲೈಟ್ ಕಡೆಗಣಿಸಬೇಡಿ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಗಡಗಡ ನಡುಗಬಹುದು. ಹೆದರಿ ಕಾಲು ತೆಗೆಯಬೇಡಿ. ಚಕ್ರ ಲಾಕ್ ಆಗುವ (ತಿರುಗುವುದು ನಿಂತು ಜಾರುವ) ಹೊತ್ತಿಗೆ ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಬ್ರೇಕ್ ಆಯಿಲ್ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ, ಸ್ಟೇರಿಂಗ್ ಹತೋಟಿಯಲ್ಲಿ ಉಳಿಯುತ್ತದೆ. ಸಡಿಲ ಜಲ್ಲಿ ಮೇಲೆ ಮಾತ್ರ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾದೀತು.

ಹಳದಿ ಎಬಿಎಸ್ ಲೈಟ್ ಆರದಿದ್ದರೆ ಸಾದಾ ಬ್ರೇಕ್ ಇರುತ್ತದೆ, ಆದರೆ ಚಕ್ರ ಲಾಕ್ ಆಗಬಹುದು. ದುಬಾರಿ ಮಾಡ್ಯುಲೇಟರ್ (ಆಯಿಲ್ ಒತ್ತಡ ಬಿಟ್ಟು ಹಿಡಿಯುವ ಘಟಕ) ಬದಲಿಸುವ ಮಾತು ಆಮೇಲೆ, ಮೊದಲು ಚಕ್ರದ ವೇಗ ಅಳೆಯುವ ಸೆನ್ಸರ್ ನೋಡಿ. ತುದಿಗೆ ಕೆಂಪು ಮಣ್ಣು, ಕಬ್ಬಿಣದ ಪುಡಿ ಮೆತ್ತಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಸೆನ್ಸರ್ ಕೂರುವ ಜಾಗವೂ ತುಕ್ಕು ಹಿಡಿದು ಅದನ್ನು ಮೇಲೆತ್ತುತ್ತದೆ. ಸೆನ್ಸರ್ ತುದಿಗೂ ಚಕ್ರದ ಜೊತೆ ತಿರುಗುವ ಉಂಗುರಕ್ಕೂ ನಡುವಿನ ಸಂದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ಇರಬೇಕು. ತುದಿಯನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ವೈರಿನ ಕನೆಕ್ಟರ್ ಹಸಿರುಗಟ್ಟಿದೆಯೇ ನೋಡಿ. ಕೆಂಪು ಬ್ರೇಕ್ ಲೈಟೂ ಜೊತೆಗೆ ಹತ್ತಿದರೆ ಗಾಡಿ ಓಡಿಸಲೇಬೇಡಿ.