ಅಪ್ರೋಚ್‌ನಲ್ಲಿ ಒಂದು ಎಂಜಿನ್ ನಿಂತರೆ: ಎರಡು ಎಂಜಿನ್‌ಗಳ ಟರ್ಬೊಪ್ರಾಪ್ ಪೈಲಟ್ ಅನುಸರಿಸಬೇಕಾದ ಕ್ರಮ

ಟರ್ಬೊಪ್ರಾಪ್‌ನಲ್ಲಿ, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ವಿಮಾನದಲ್ಲಿ, ಟೇಕಾಫ್ ವೇಳೆ ಒಂದು ಎಂಜಿನ್ ಕೈಕೊಟ್ಟರೆ ಅದನ್ನು ಪೈಲಟ್‌ಗೆ ಯಾರೂ ಹೇಳಬೇಕಾಗಿಲ್ಲ. ಎರಡೂ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿರುವುದರಿಂದ, ಒಂದು ನಿಂತೊಡನೆ ವಿಮಾನದ ಮೂತಿ ಆ ಕಡೆಗೆ ಬಲವಾಗಿ ತಿರುಗುತ್ತದೆ. ಅಪ್ರೋಚ್‌ನಲ್ಲಿ, ಅಂದರೆ ರನ್‌ವೇಯತ್ತ ಇಳಿಯುತ್ತಿರುವಾಗ, ಅದೇ ವೈಫಲ್ಯ ಬಹುಮಟ್ಟಿಗೆ ಸದ್ದಿಲ್ಲದೆ ಬರುತ್ತದೆ. ಎರಡೂ ಎಂಜಿನ್‌ಗಳು ಆಗ ಕಡಿಮೆ ಟಾರ್ಕ್‌ನಲ್ಲಿ (ಪ್ರೊಪೆಲ್ಲರನ್ನು ತಿರುಗಿಸುವ ಬಲದಲ್ಲಿ) ನಡೆಯುತ್ತಿರುವುದರಿಂದ ಅವುಗಳ ನಡುವಿನ ವ್ಯತ್ಯಾಸ ಚಿಕ್ಕದಾಗಿರುತ್ತದೆ; ಆಟೋಪೈಲಟ್ ಹಾಕಿದ್ದರೆ ಅದು ರೆಕ್ಕೆಗಳನ್ನು ಸಮವಾಗಿಟ್ಟು ಆ ಚಿಕ್ಕ ಸುಳಿವನ್ನೂ ಮರೆಸಿಬಿಡಬಹುದು. ನಿಜವಾದ ಅಪಾಯ ಎದುರಾಗುವುದು ಪೈಲಟ್ ಪವರ್ ಸೇರಿಸಿದ ಕ್ಷಣದಲ್ಲಿ. ವೇಗ ಕುಸಿಯುತ್ತಿದೆಯೆಂದೋ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಬೇಕೆಂದೋ ಪವರ್ ಲಿವರ್‌ಗಳನ್ನು ಮುಂದೆ ತಳ್ಳಿದಾಗ ಒಂದೇ ಕಡೆಯಿಂದ ಶಕ್ತಿ ಬರುತ್ತದೆ, ಮತ್ತು ಅದು ಬರುವುದು ವಿಮಾನ ನಿಧಾನವಾಗಿ, ನೆಲಕ್ಕೆ ಸಮೀಪದಲ್ಲಿರುವಾಗ.

ಆದ್ದರಿಂದ ಮೊದಲ ಕೆಲಸ ಪಾದಗಳದ್ದು. ಪವರ್ ಹೆಚ್ಚಿಸುವ ಮುನ್ನವೇ ಎರಡೂ ಪಾದಗಳು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಪೆಡಲ್‌ಗಳ ಮೇಲೆ ಸಿದ್ಧವಾಗಿರಬೇಕು, ಪವರ್ ಏರಿದಷ್ಟೂ ರಡ್ಡರ್ ಅದರೊಂದಿಗೇ ಏರಬೇಕು. ಎಡ ಎಂಜಿನ್ ನಿಂತಿದ್ದರೆ ಮೂತಿ ಎಡಕ್ಕೆ ಹೋಗುತ್ತದೆ. ಬಲಪೆಡಲ್ ಒತ್ತಿ, ನಡೆಯುತ್ತಿರುವ ಎಂಜಿನ್‌ನ ಕಡೆಗೆ, ಅಂದರೆ ಬಲಕ್ಕೆ, ಗರಿಷ್ಠ 5 ಡಿಗ್ರಿಯೊಳಗೆ ಸ್ವಲ್ಪ ಓರೆ ಕೊಡಬೇಕು. ಹಿಂದಿನಿಂದ ನೋಡಿದಾಗ ಎರಡೂ ಪ್ರೊಪೆಲ್ಲರ್‌ಗಳು ಗಡಿಯಾರದ ದಿಕ್ಕಿನಲ್ಲಿ ತಿರುಗುವ ವಿಮಾನಗಳಲ್ಲಿ ಎಡ ಎಂಜಿನ್ ನಿಲ್ಲುವುದೇ ಹೆಚ್ಚು ಕಷ್ಟದ್ದು. ವೇಗ ಕನಿಷ್ಠ ನಿಯಂತ್ರಣ ವೇಗಕ್ಕಿಂತ ಇಳಿದು ಪೂರ್ತಿ ರಡ್ಡರ್‌ಗೂ ಮೂತಿ ಜಗ್ಗದಿದ್ದರೆ, ಮೂತಿಯನ್ನು ತಗ್ಗಿಸಿ ಪವರ್ ಕಡಿಮೆ ಮಾಡುವುದೊಂದೇ ದಾರಿ. ಇನ್ನಷ್ಟು ಪವರ್ ಸೇರಿಸಿದರೆ ವಿಮಾನ ಮಗುಚುತ್ತದೆ.

ವಿಮಾನ ಹಿಡಿತಕ್ಕೆ ಬಂದ ಮೇಲೆ ಯಾವ ಎಂಜಿನ್ ನಿಂತಿದೆ ಎಂಬುದನ್ನು ತೀರ್ಮಾನಿಸಬೇಕು. ಒತ್ತುವ ಅಗತ್ಯವಿಲ್ಲದ ಪಾದದ ಕಡೆಯ ಎಂಜಿನ್ ನಿಂತಿದೆ ಎಂಬ ಹಳೆಯ ಸೂತ್ರ ಸರಿಯೇ, ಆದರೆ ಕಡಿಮೆ ಪವರ್‌ನಲ್ಲಿ ಪಾದಕ್ಕೆ ಸಿಗುವ ಸುಳಿವು ತೀರ ಮಂದ. ಟಾರ್ಕ್, ಟರ್ಬೈನ್ ತಾಪ, ಇಂಧನ ಹರಿವು ಈ ಮೂರನ್ನೂ ಒಟ್ಟಿಗೆ ಓದಬೇಕು. ಪ್ರೊಪೆಲ್ಲರ್‌ನ ಸುತ್ತುವ ವೇಗವೊಂದನ್ನೇ ನಂಬಬಾರದು, ಏಕೆಂದರೆ ಎಂಜಿನ್ ಆರಿದ ಮೇಲೂ ಎದುರು ಗಾಳಿ ಅದನ್ನು ತಿರುಗಿಸುತ್ತಲೇ ಇರುತ್ತದೆ. ಬಳಿಕ ಆ ಬದಿಯ ಪವರ್ ಲಿವರನ್ನು ನಿಧಾನವಾಗಿ ಹಿಂದಕ್ಕೆ ಎಳೆದು, ಏನೂ ಬದಲಾಗದಿದ್ದರೆ ಮಾತ್ರ ಮುಂದುವರಿಯಬೇಕು. ಲಿವರ್ ಮೇಲೆ ಕೈಯಿಟ್ಟ ಪೈಲಟ್ ಅದರ ಹೆಸರು ಹೇಳಬೇಕು, ಇನ್ನೊಬ್ಬರು ಕಣ್ಣಿನಿಂದ ನೋಡಿ ದೃಢಪಡಿಸಬೇಕು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಕಂಪನಿಯ 235ನೇ ಹಾರಾಟದ ವಿಮಾನದಲ್ಲಿ ಎರಡನೆಯ ಎಂಜಿನ್‌ನ ಪ್ರೊಪೆಲ್ಲರ್ ತಾನಾಗಿ ಫೆದರ್ ಆದಾಗ, ಎಂದರೆ ಅದರ ಅಲಗುಗಳು ಗಾಳಿಗೆ ಅಂಚೊಡ್ಡುವಂತೆ ತಿರುಗಿದಾಗ, ಚೆನ್ನಾಗಿದ್ದ ಒಂದನೆಯ ಎಂಜಿನನ್ನೇ ನಿಲ್ಲಿಸಲಾಯಿತು. 43 ಮಂದಿ ಸತ್ತರು. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಇಳಿಯಲಿದ್ದ ಯೇತಿ ಏರ್‌ಲೈನ್ಸ್‌ನ ಎಟಿಆರ್ 72ರಲ್ಲಿ ಎಂಜಿನ್ ಕೆಟ್ಟಿರಲೇ ಇಲ್ಲ. ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಚಾಚುವ ಫಲಕ) ಲಿವರ್ ಸರಿಸಬೇಕಾದ ಹೊತ್ತಿನಲ್ಲಿ, ಪ್ರೊಪೆಲ್ಲರ್‌ಗಳನ್ನು ನಿಯಂತ್ರಿಸುವ ಎರಡೂ ಕಂಡೀಷನ್ ಲಿವರ್‌ಗಳು ಫೆದರ್ ಸ್ಥಾನಕ್ಕೆ ಹೋಗಿದ್ದವು, ವಿಮಾನದಲ್ಲಿದ್ದ 72 ಮಂದಿಯೂ ಉಳಿಯಲಿಲ್ಲ. ಅಪ್ರೋಚ್‌ನಲ್ಲಿ ಎರಡೂ ಟಾರ್ಕ್‌ಗಳು ಒಟ್ಟಿಗೆ ಬಿದ್ದರೆ, ಎಂಜಿನ್‌ಗಳನ್ನು ಶಂಕಿಸುವ ಮೊದಲು ಲಿವರ್‌ಗಳು ಎಲ್ಲಿವೆ ಎಂದು ನೋಡಬೇಕು.

ಗುರುತಿಸಿದ ಮೇಲೆ ಪ್ರೊಪೆಲ್ಲರನ್ನು ಫೆದರ್ ಮಾಡುವುದು ಮುಖ್ಯ. ಗಾಳಿಗೆ ತಿರುಗುವ ಪ್ರೊಪೆಲ್ಲರ್ ಎದುರಿಗೆ ಹಿಡಿದ ತಟ್ಟೆಯಂತೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ: ಹಲವು ಮಾದರಿಗಳಲ್ಲಿ ಆಟೋಫೆದರ್ (ತಾನಾಗಿ ಫೆದರ್ ಮಾಡುವ ವ್ಯವಸ್ಥೆ) ಕೆಲಸ ಮಾಡುವುದು ಪವರ್ ಲಿವರ್‌ಗಳು ಸಾಕಷ್ಟು ಮುಂದಿದ್ದಾಗ ಮಾತ್ರ, ಆದ್ದರಿಂದ ಅಪ್ರೋಚ್‌ನಲ್ಲಿ ಅದು ನೆರವಿಗೆ ಬರುತ್ತದೆಂದು ಕಾಯಬಾರದು. ಸಂಶಯದ ಎಂಜಿನನ್ನು ಐಡಲ್‌ನಲ್ಲಿ (ಕನಿಷ್ಠ ಶಕ್ತಿಯಲ್ಲಿ) ಸುಮ್ಮನೆ ಬಿಟ್ಟು ಬರುವುದೂ ಮಧ್ಯಮ ಮಾರ್ಗವೇನಲ್ಲ. 1994ರ ಏಪ್ರಿಲ್ 4ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಎಲ್‌ಎಂ ಸಿಟಿಹಾಪರ್‌ನ ಸಾಬ್ 340 ವಿಮಾನ, ತೈಲ ಒತ್ತಡದ ಸುಳ್ಳು ಎಚ್ಚರಿಕೆಯಿಂದಾಗಿ ಒಂದು ಎಂಜಿನನ್ನು ಐಡಲ್‌ನಲ್ಲೇ ಇಟ್ಟುಕೊಂಡು ಬಂದು, ಗೋ-ಅರೌಂಡ್‌ಗೆ ಹೋದಾಗ ನಿಯಂತ್ರಣ ತಪ್ಪಿ ಬಿತ್ತು.

ಇಳಿಯಬೇಕೇ, ಮೇಲೇರಬೇಕೇ ಎಂಬುದನ್ನು ಎತ್ತರವೇ ಬಹುಪಾಲು ತೀರ್ಮಾನಿಸುತ್ತದೆ. ಸಾವಿರ ಅಡಿಗಿಂತ ಸಾಕಷ್ಟು ಮೇಲಿದ್ದು ಸಮಯವಿದ್ದರೆ, ಅಪ್ರೋಚನ್ನು ಬಿಟ್ಟು ಚೆಕ್‌ಲಿಸ್ಟ್ ಮುಗಿಸಿ, ನಿಯಂತ್ರಣ ಕೇಂದ್ರಕ್ಕೆ ತುರ್ತು ಸಂದೇಶ ಕೊಟ್ಟು ಮತ್ತೆ ಬರುವುದು ವಿವೇಕ. ಐನೂರು ಅಡಿಯ ಕೆಳಗೆ, ರನ್‌ವೇ ಕಾಣುತ್ತಿದ್ದು ವೇಗ ಮತ್ತು ಇಳಿಜಾರು ಸರಿಯಿದ್ದರೆ, ಇಳಿಯುವುದೇ ಕ್ಷೇಮ. ಆಗ ಚೆಕ್‌ಲಿಸ್ಟ್ ಕಾಯಬಹುದು. ಇವುಗಳ ನಡುವಿನ ಪಟ್ಟಿಯಲ್ಲಿ ಕಂಪನಿಯ ಕೈಪಿಡಿಯ ಮಿತಿಗಳೇ ಅಂತಿಮ. ಒಂದೇ ಎಂಜಿನ್‌ನಲ್ಲಿ ಮೇಲೇರುವ ಸಾಮರ್ಥ್ಯವನ್ನು ಅತಿಯಾಗಿ ನಂಬುವವರಿಗೆ ಒಂದು ಲೆಕ್ಕ ಸಾಕು: 19 ಪ್ರಯಾಣಿಕರವರೆಗಿನ ಕಮ್ಯೂಟರ್ ವರ್ಗಕ್ಕೆ ಅಮೆರಿಕದ ನಿಯಮಗಳು ಬಹುಕಾಲ ಕೇಳಿದ ಅಪ್ರೋಚ್ ಏರಿಕೆ ಶೇ. 2.1 ಮಾತ್ರ, ಅಂದರೆ ನೂರು ಅಡಿ ಮುಂದೆ ಹೋದರೆ 2.1 ಅಡಿ ಮೇಲೆ. 110 ನಾಟ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 230 ಅಡಿ, ಅದೂ ಗೇರ್ (ಚಕ್ರಗಳು) ಒಳಗೆ ಹೋಗಿ, ಫ್ಲ್ಯಾಪ್ ಕಡಿಮೆಯಾಗಿ, ನಿಂತ ಪ್ರೊಪೆಲ್ಲರ್ ಫೆದರ್ ಆಗಿದ್ದರೆ. ಹೀಗಿರುವುದರಿಂದ ಪೂರ್ತಿ ಫ್ಲ್ಯಾಪ್ ಹಾಕುವ ಮುನ್ನ, ಇನ್ನು ಮೇಲೇರುವುದಿಲ್ಲ ಎಂಬ ನಿರ್ಧಾರ ಆಗಿರಬೇಕು. ಅನೇಕ ಮಾದರಿಗಳಲ್ಲಿ ಒಂಟಿ ಎಂಜಿನ್‌ನ ಇಳಿಕೆಗೆ ಕಡಿಮೆ ಫ್ಲ್ಯಾಪ್ ಮತ್ತು ತುಸು ಹೆಚ್ಚಿನ ವೇಗವನ್ನೇ ಕೈಪಿಡಿ ಸೂಚಿಸುತ್ತದೆ, ಅದಕ್ಕೆ ತಕ್ಕಂತೆ ರನ್‌ವೇಯ ಉದ್ದವನ್ನೂ ನೋಡಬೇಕು.

ಕೊನೆಯ ಕೆಲವು ಸೆಕೆಂಡುಗಳಲ್ಲಿ ದಿಕ್ಕು ತಿರುವುಮುರುವಾಗುತ್ತದೆ. ಅಲ್ಲಿಯವರೆಗೆ ನಿಂತ ಎಂಜಿನ್‌ನ ಕಡೆಗೆ ಹೋಗುತ್ತಿದ್ದ ಮೂತಿ, ಪವರ್ ಮುಚ್ಚಿದೊಡನೆ ನಡೆಯುತ್ತಿರುವ ಎಂಜಿನ್‌ನ ಕಡೆಗೆ ಹೊರಳುತ್ತದೆ: ಫೆದರ್ ಆದ ಪ್ರೊಪೆಲ್ಲರ್‌ಗಿಂತ ಐಡಲ್‌ನಲ್ಲಿರುವುದು ಹಿಂದಕ್ಕೆ ಹೆಚ್ಚು ಎಳೆಯುತ್ತದೆ, ಹಾಕಿಟ್ಟ ರಡ್ಡರ್ ಟ್ರಿಮ್ (ಪಾದದ ಭಾರ ತಗ್ಗಿಸಲು ರಡ್ಡರನ್ನು ಒಂದು ಕಡೆಗೆ ಹಿಡಿದಿಡುವ ಹೊಂದಾಣಿಕೆ) ಕೂಡ ಅದೇ ಕಡೆಗೆ ದೂಡುತ್ತದೆ. ಟ್ರಿಮ್ಮನ್ನು ಮೊದಲೇ ಮಧ್ಯಕ್ಕೆ ತಂದಿರಬೇಕು, ಇಲ್ಲವೇ ವಿರುದ್ಧ ಪಾದ ಸಿದ್ಧವಿರಬೇಕು. ಪವರನ್ನು ಒಮ್ಮೆಲೇ ಕೀಳದೆ ನಿಧಾನವಾಗಿ ತೆಗೆಯಬೇಕು. ಫೆದರ್ ಆದ ಪ್ರೊಪೆಲ್ಲರ್ ಹಿಂದಕ್ಕೆ ಎಳೆಯುವುದು ಕಡಿಮೆಯಾದ್ದರಿಂದ ವಿಮಾನ ಎಂದಿಗಿಂತ ಹೆಚ್ಚು ದೂರ ತೇಲಬಹುದು. ಚಕ್ರಗಳು ನೆಲ ಮುಟ್ಟಿದ ಮೇಲೆ ರಿವರ್ಸ್ (ವೇಗ ತಗ್ಗಿಸಲು ಪ್ರೊಪೆಲ್ಲರ್‌ನ ಬಲವನ್ನು ಹಿಮ್ಮುಖಗೊಳಿಸುವುದು) ಬಳಸಿದರೆ ಅದು ಒಂದೇ ಬದಿಯಲ್ಲಿ ಕೆಲಸ ಮಾಡುವುದರಿಂದ ವಿಮಾನ ಅಂಚಿನತ್ತ ಓಡುತ್ತದೆ; ರನ್‌ವೇ ಒದ್ದೆಯಿದ್ದಾಗಲಂತೂ ಬ್ರೇಕನ್ನೇ ಮುಖ್ಯವಾಗಿ ನಂಬಿ, ರಿವರ್ಸನ್ನು ಮಿತವಾಗಿ ಬಳಸಬೇಕು. ಬೆಂಕಿಯ ಸೂಚನೆಯೇನಾದರೂ ಇದ್ದರೆ ಟ್ಯಾಕ್ಸಿವೇಯವರೆಗೆ ಹೋಗುವ ಪ್ರಯತ್ನ ಬೇಡ. ರನ್‌ವೇ ಮೇಲೇ ನಿಲ್ಲಿಸಿ, ನಡೆಯುತ್ತಿರುವ ಎಂಜಿನನ್ನೂ ಆರಿಸಿ, ಪ್ರೊಪೆಲ್ಲರ್ ನಿಂತದ್ದನ್ನು ಖಚಿತಪಡಿಸಿಕೊಂಡು ಆ ಬಳಿಕ ಪ್ರಯಾಣಿಕರನ್ನು ಬೆಂಕಿಯಿಲ್ಲದ ಬದಿಯಿಂದ ಇಳಿಸಬೇಕು.