ಮದುವೆ, ಗೃಹಪ್ರವೇಶ, ಹಬ್ಬಕ್ಕೆ ಇಂಗ್ಲಿಷಲ್ಲಿ ಕರೆಯೋದು ಹೇಗೆ

ಆಫೀಸಲ್ಲಿ ಬಂಗಾಳದವ್ರು, ಪಂಜಾಬಿನವ್ರು ಎಲ್ಲಾ ಇರ್ತಾರೆ, ಅಪಾರ್ಟ್‌ಮೆಂಟಲ್ಲಿ ಎದುರು ಮನೆಯವ್ರಿಗೆ ಕನ್ನಡ ಬರಲ್ಲ, ಹೊರದೇಶದಲ್ಲಿ ಇರೋರಿಗಂತೂ ಅಕ್ಕಪಕ್ಕದವ್ರೆಲ್ಲಾ ಬೇರೆ ಭಾಷೆಯವ್ರೇ. ಮನೇಲಿ ಏನಾದ್ರೂ ಶುಭಕಾರ್ಯ ಅಂದ್ರೆ ಇವ್ರನ್ನೆಲ್ಲಾ ಬಿಟ್ಟು ಮಾಡೋಕೆ ಮನಸ್ಸು ಬರಲ್ಲ, ಆದ್ರೆ ಇಂಗ್ಲಿಷಲ್ಲಿ ಕರೆಯೋಕೆ ಕೂತ್ರೆ ಒಂದೋ ಆರ್ಡರ್ ಮಾಡಿದ ಹಾಗೆ ಆಗುತ್ತೆ, ಇಲ್ಲಾಂದ್ರೆ ಆಫೀಸ್ ಸರ್ಕ್ಯುಲರ್ ಥರ ಒಣಗಿರುತ್ತೆ. ಸರಿಯಾಗಿ ಕರೆಯೋಕೆ ದೊಡ್ಡ ಇಂಗ್ಲಿಷ್ ಏನೂ ಬೇಕಾಗಿಲ್ಲ, ನಾಲ್ಕೈದು ವಾಕ್ಯ ಗೊತ್ತಿದ್ರೆ ಸಾಕು.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ನಮ್ಮಲ್ಲಿ ಒತ್ತಾಯ ಮಾಡಿದಷ್ಟೂ ಪ್ರೀತಿ ಜಾಸ್ತಿ. "ಬರ್ಲೇಬೇಕು, ಬರದೆ ಹೋದ್ರೆ ನಾವು ಬೇಜಾರ್ ಮಾಡ್ಕೋತೀವಿ" ಅಂದ್ರೆ ಕರೆದವ್ರಿಗೂ ಸಮಾಧಾನ, ಕರೆಸ್ಕೊಂಡವ್ರಿಗೂ ಸಂತೋಷ. ಅದನ್ನೇ "ಯು ಹ್ಯಾವ್ ಟು ಕಮ್, ನೋ ಎಕ್ಸ್‌ಕ್ಯೂಸಸ್" ಅಂತ ಅಷ್ಟಾಗಿ ಪರಿಚಯ ಇಲ್ಲದ ಕಲೀಗ್‌ಗೆ ಬರೆದ್ರೆ ಅವ್ರಿಗೆ ಪ್ರೀತಿ ಕಾಣಲ್ಲ, ಒತ್ತಡ ಮಾತ್ರ ಕಾಣುತ್ತೆ. ಇಂಗ್ಲಿಷಲ್ಲಿ "ನೀವು ಬಂದ್ರೆ ನಮಗೆ ಖುಷಿ" ಅಂತ ಹೇಳಿ, ಬರೋಕಾಗಲ್ಲ ಅನ್ನೋದಕ್ಕೂ ಜಾಗ ಬಿಡ್ಬೇಕು. ಅದಕ್ಕೆ ಎಲ್ಲಾ ಕಡೆ ನಡೆಯೋ ವಾಕ್ಯ "ವೀ ವುಡ್ ಲವ್ ಟು ಹ್ಯಾವ್ ಯು ವಿತ್ ಅಸ್". ಕೊನೇಲಿ "ಹೋಪ್ ಯು ಕ್ಯಾನ್ ಮೇಕ್ ಇಟ್" ಅಂತ ಸೇರಿಸಿ. ತುಂಬಾ ಬೇಕಾದವ್ರಿಗೆ, ನಿಮಗೆ ಕೆಲಸ ಕಲಿಸಿದ ಸೀನಿಯರ್‌ಗೆ, "ಇಟ್ ವುಡ್ ಮೀನ್ ಎ ಲಾಟ್ ಟು ಅಸ್ ಇಫ್ ಯು ಕುಡ್ ಕಮ್" ಅನ್ನಿ, ನಮ್ಮ "ಬರ್ಲೇಬೇಕು" ಅನ್ನೋದರ ಪೂರ್ತಿ ತೂಕ ಇದ್ರಲ್ಲಿದೆ. ಆಪ್ತ ಸ್ನೇಹಿತರಿಗೆ ಬಾಯಲ್ಲಿ ಹೇಳುವಾಗ ನಗ್ತಾ "ಯು ಮಸ್ಟ್ ಕಮ್" ಅಂದ್ರೆ ಏನೂ ತಪ್ಪಿಲ್ಲ, ದನಿಯಲ್ಲೇ ಪ್ರೀತಿ ಗೊತ್ತಾಗುತ್ತೆ, ಮೆಸೇಜಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಿ.

ಇನ್ನೊಂದು, "ಆರ್ ಯು ಫ್ರೀ ಆನ್ ಸಂಡೇ?" ಅಂತ ಒಂದೇ ಲೈನ್ ಕಳಿಸಿ ಕಾಯೋ ಅಭ್ಯಾಸ ದಯವಿಟ್ಟು ಬೇಡ. ಯಾಕೆ ಅಂತ ಗೊತ್ತಿಲ್ಲದೆ ಎದುರಿನವ್ರು ಏನಂತ ಉತ್ತರ ಕೊಡ್ಬೇಕು? ಮೊದಲು ವಿಷಯ ಹೇಳಿ, ಆಮೇಲೆ ಕೇಳಿ. ಗೃಹಪ್ರವೇಶಕ್ಕೆ ಟೀಮಿನವ್ರನ್ನ ಕರೆಯೋ ಮೆಸೇಜ್ ಹೀಗಿದ್ರೆ ಸಾಕು:

"ಹಾಯ್ ಆಲ್, ವೀ ಆರ್ ಮೂವಿಂಗ್ ಇಂಟು ಅವರ್ ನ್ಯೂ ಹೋಮ್, ಅಂಡ್ ವೀ ವುಡ್ ಲವ್ ಟು ಹ್ಯಾವ್ ಯು ಅಂಡ್ ಯುವರ್ ಫ್ಯಾಮಿಲಿ ವಿತ್ ಅಸ್ ಆನ್ ಸಂಡೇ, 14 ಫೆಬ್ರವರಿ. ದ ಪೂಜಾ ಈಸ್ ಅರ್ಲಿ ಇನ್ ದ ಮಾರ್ನಿಂಗ್, ಸೋ ಪ್ಲೀಸ್ ಜಾಯ್ನ್ ಅಸ್ ಫಾರ್ ಲಂಚ್, ಎನಿ ಟೈಮ್ ಬಿಟ್ವೀನ್ 12.30 ಅಂಡ್ 3. ಹೋಪ್ ಯು ಕ್ಯಾನ್ ಮೇಕ್ ಇಟ್!"

ಇದ್ರಲ್ಲಿ ನೋಡಿ, ಏನು, ಯಾವತ್ತು, ಯಾರ್ಯಾರು ಬರ್ಬಹುದು ಅನ್ನೋದೆಲ್ಲಾ ಇದೆ, ಅದಕ್ಕಿಂತ ಮುಖ್ಯವಾಗಿ ಕಾರ್ಯಕ್ರಮದ ಯಾವ ಭಾಗಕ್ಕೆ ಬಂದ್ರೆ ಸಾಕು ಅನ್ನೋದೂ ಇದೆ. ನಮ್ಮವ್ರಿಗೆ ಹೋಮ ಬೆಳಗಿನ ಜಾವ, ಊಟ ಮಧ್ಯಾಹ್ನ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಗೊತ್ತಿಲ್ಲದವ್ರು ಪಾಪ ಎಷ್ಟು ಹೊತ್ತಿಗೆ ಹೋಗೋದು, ಎಷ್ಟು ಹೊತ್ತು ಕೂರೋದು ಅಂತ ಒದ್ದಾಡ್ತಾರೆ. "ಬಿಟ್ವೀನ್ 12.30 ಅಂಡ್ 3" ಅಂತ ಇದ್ರೆ ಆರಾಮಾಗಿ ಬಂದು ಊಟ ಮಾಡಿ ಹೋಗ್ತಾರೆ.

ಹೆಸರುಗಳ ವಿಷಯದಲ್ಲಿ ಸ್ವಲ್ಪ ಹುಷಾರು. ಅಮೆರಿಕಾ ಕಡೆ "ಹೌಸ್‌ವಾರ್ಮಿಂಗ್" ಅಂದ್ರೆ ಮನೆಗೆ ಬಂದು ಸೆಟ್ಲ್ ಆದ್ಮೇಲೆ ಸ್ನೇಹಿತರಿಗೆ ಕೊಡೋ ಪಾರ್ಟಿ, ಹಾಗಾಗಿ "ಪೂಜಾ" ಅನ್ನೋದು ಮೆಸೇಜಲ್ಲಿ ಇರ್ಲೇಬೇಕು. ಸೀಮಂತ ಇನ್ನೂ ಸೂಕ್ಷ್ಮ. "ಬೇಬಿ ಶವರ್" ಅಂತ ಬರೆದ್ರೆ ಅಲ್ಲಿನವ್ರು ಹುಟ್ಟೋ ಮಗುವಿಗೆ ಬಟ್ಟೆ, ಆಟದ ಸಾಮಾನು ಎಲ್ಲಾ ತರ್ತಾರೆ, ಯಾಕಂದ್ರೆ ಅವ್ರಲ್ಲಿ ಆ ಕಾರ್ಯಕ್ರಮ ಇರೋದೇ ಅದಕ್ಕೆ. ನಮ್ಮ ಎಷ್ಟೋ ಮನೆಗಳಲ್ಲಿ ಮಗು ಹುಟ್ಟೋ ಮೊದಲು ಏನೂ ತರಬಾರದು ಅನ್ನೋ ನಂಬಿಕೆ ಇದೆ, ಉಡುಗೊರೆ ನೋಡಿ ಅಜ್ಜಿ ಮುಖ ಚಿಕ್ಕದಾಗುತ್ತೆ, ಬಂದವ್ರಿಗೂ ಮುಜುಗರ. ಅದಕ್ಕೆ "ಸೀಮಂತ" ಅಂತಾನೇ ಬರೆದು ಪಕ್ಕದಲ್ಲಿ "ಎ ಟ್ರೆಡಿಷನಲ್ ಸೆರೆಮನಿ ಟು ಬ್ಲೆಸ್ ದ ಮದರ್ ಟು ಬಿ" ಅಂತ ಸೇರಿಸಿ, ಕೆಳಗೆ "ನೋ ಗಿಫ್ಟ್ಸ್ ಪ್ಲೀಸ್, ವೀ ಜಸ್ಟ್ ವಾಂಟ್ ಯು ದೇರ್" ಅನ್ನಿ. ನಾಮಕರಣಕ್ಕೆ "ನೇಮಿಂಗ್ ಸೆರೆಮನಿ", ಉಪನಯನಕ್ಕೆ "ಥ್ರೆಡ್ ಸೆರೆಮನಿ", ಇವು ತೊಂದರೆ ಇಲ್ಲ.

ಮದುವೆಗೆ ಬಂದ್ರೆ ಕಾರ್ಡ್ ಬೇರೆ, ವಾಟ್ಸಾಪ್ ಬೇರೆ. ಕಾರ್ಡಲ್ಲಿ "ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ ಅಟ್ ದ ಮ್ಯಾರೇಜ್ ಆಫ್ ದೇರ್ ಸನ್" ಅನ್ನೋದು ಹಳೇ ಶೈಲಿ, ಈಗ್ಲೂ ಚೆನ್ನಾಗೇ ಇದೆ. ತುಂಬಾ ಕಾರ್ಡ್‌ಗಳಲ್ಲಿ ತಪ್ಪಾಗೋದು ಇಲ್ಲೇ. ಮೇಲೆ ಮಿಸ್ಟರ್ ಅಂಡ್ ಮಿಸೆಸ್ ಅಂತ ತಂದೆತಾಯಿ ಹೆಸರಿಂದ ಶುರು ಮಾಡಿದ್ರೆ ಕೆಳಗೆ "ದೇರ್ ಸನ್" ಅಂತಾನೇ ಬರ್ಬೇಕು, "ಅವರ್ ಸನ್" ಅಲ್ಲ. "ಅವರ್ ಸನ್" ಬೇಕು ಅಂದ್ರೆ "ವೀ" ಅಂತ ಶುರು ಮಾಡಿ. ಪ್ರೆಸ್‌ನವ್ರು ಹಳೇ ಕಾರ್ಡಿನ ಮ್ಯಾಟರ್‌ಗೆ ಹೆಸರು ಬದಲಾಯಿಸಿ ಕೊಡೋದುಂಟು, ಪ್ರೂಫ್ ಬಂದಾಗ ಈ ಒಂದು ಪದ ನೋಡಿಬಿಡಿ. "ಸಾಲಿಸಿಟ್ ಯುವರ್ ಗ್ರೇಶಸ್ ಪ್ರೆಸೆನ್ಸ್" ಕೂಡ ಕಾರ್ಡಿಗೆ ಸರಿ, ಚಾಟಲ್ಲಿ ಹಾಕಿದ್ರೆ ಭಾರ ಆಗುತ್ತೆ. ಮಾತಾಡುವಾಗ, ಮೆಸೇಜ್ ಮಾಡುವಾಗ "ಮೈ ಮ್ಯಾರೇಜ್" ಅನ್ನೋ ಬದಲು "ಮೈ ವೆಡ್ಡಿಂಗ್" ಅನ್ನಿ. "ಕಮ್ ಅಂಡ್ ಬ್ಲೆಸ್ ದ ಕಪಲ್" ಅನ್ನೋದು ಹಿರಿಯರಿಗೆ ಒಪ್ಪುತ್ತೆ, ಇಪ್ಪತ್ತೈದು ವರ್ಷದ ಕಲೀಗ್‌ಗೆ "ಕಮ್ ಸೆಲೆಬ್ರೇಟ್ ವಿತ್ ಅಸ್" ಸಾಕು.

ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ರಿಸೆಪ್ಷನ್ ಹಿಂದಿನ ದಿನ ಸಂಜೆನೇ ಆಗುತ್ತೆ, ಮುಹೂರ್ತ ಮಾರನೇ ದಿನ. ಹೊರಗಿನವ್ರಿಗೆ ರಿಸೆಪ್ಷನ್ ಅಂದ್ರೆ ಮದುವೆ ಆದ್ಮೇಲೆ ಅನ್ನೋ ಲೆಕ್ಕ, ಅವ್ರು ದಿನಾನೇ ತಪ್ಪಿಸ್ಕೊಂಡುಬಿಡಬಹುದು. ಆದ್ರಿಂದ "ಪ್ಲೀಸ್ ನೋಟ್, ದ ರಿಸೆಪ್ಷನ್ ಈಸ್ ದ ಈವ್ನಿಂಗ್ ಬಿಫೋರ್ ದ ವೆಡ್ಡಿಂಗ್" ಅಂತ ಒಂದು ಲೈನ್ ಹಾಕಿ. ಬೀಗರೂಟಕ್ಕೆ ಕರೀತಿದ್ರೆ "ಎ ನಾನ್ ವೆಜಿಟೇರಿಯನ್ ಫೀಸ್ಟ್ ಆಫ್ಟರ್ ದ ವೆಡ್ಡಿಂಗ್" ಅಂತ ಹೇಳಿಬಿಡಿ, ತಿನ್ನದವ್ರು ಮೊದಲೇ ತಿಳ್ಕೊಂಡು ಬರ್ತಾರೆ.

ತಾರೀಖು ಅಂಕಿಯಲ್ಲಿ ಮಾತ್ರ ಬರೀಬೇಡಿ. ನಮಗೆ 5/9 ಅಂದ್ರೆ ಸೆಪ್ಟೆಂಬರ್ 5, ಅಮೆರಿಕಾದವ್ರಿಗೆ ಮೇ 9. ತಿಂಗಳ ಹೆಸರು, ವಾರ ಎರಡೂ ಹಾಕಿ. "ನೆಕ್ಸ್ಟ್ ಸಂಡೇ" ಅನ್ನೋದನ್ನ ಒಬ್ಬೊಬ್ರು ಒಂದೊಂದು ಥರ ಅರ್ಥ ಮಾಡ್ಕೋತಾರೆ, ಅದನ್ನೂ ಬಿಡಿ.

ಹಬ್ಬಕ್ಕೆ ಕರೆಯೋದು ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಅಲ್ಲಿ ಕಾರ್ಡೂ ಇಲ್ಲ, ಔಪಚಾರಿಕತೆನೂ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಎದುರು ಮನೆಯವ್ರನ್ನ ಅರಿಶಿನ ಕುಂಕುಮಕ್ಕೆ ಕರೀಬೇಕು ಅಂದ್ರೆ "ವೀ ಹ್ಯಾವ್ ಎ ಪೂಜಾ ಅಟ್ ಹೋಮ್ ದಿಸ್ ಫ್ರೈಡೇ, ಡೂ ಡ್ರಾಪ್ ಇನ್ ಎನಿ ಟೈಮ್ ಆಫ್ಟರ್ ಸಿಕ್ಸ್" ಅನ್ನಿ. ಆ "ಡೂ" ಚಿಕ್ಕ ಪದ, ಆದ್ರೆ "ಖಂಡಿತ ಬನ್ನಿ" ಅನ್ನೋ ಆತ್ಮೀಯತೆ ಅದರಿಂದಾನೇ ಬರೋದು. "ಡ್ರಾಪ್ ಇನ್" ಅಂದ್ರೆ ಐದು ನಿಮಿಷ ಬಂದು ಹೋದ್ರೂ ಸಾಕು ಅಂತ ಅರ್ಥ ಆಗುತ್ತೆ, ಊಟಕ್ಕೆ ಕರೆಯೋದಾದ್ರೆ ಅದು ಬೇಡ, "ಕಮ್ ಓವರ್ ಫಾರ್ ಡಿನ್ನರ್" ಸರಿ. ದಸರಾಗೆ ಗೊಂಬೆ ಕೂರಿಸಿದ್ರೆ "ಕಮ್ ಅಂಡ್ ಸೀ ಅವರ್ ದಸರಾ ಡಾಲ್ಸ್, ಬ್ರಿಂಗ್ ದ ಕಿಡ್ಸ್" ಅಂದ್ಬಿಡಿ.

ಈ ಮಕ್ಕಳ ವಿಷಯ ಹೊರದೇಶದಲ್ಲಿ ಬಾಯ್ಬಿಟ್ಟೇ ಹೇಳ್ಬೇಕು. ನಮ್ಮಲ್ಲಿ "ಸಕುಟುಂಬ ಸಮೇತ" ಅನ್ನೋದು ಹೇಳದಿದ್ರೂ ಇರುತ್ತೆ, ಅಲ್ಲಿ ಒಬ್ಬರ ಹೆಸರಿಗೆ ಬಂದ ಇನ್ವಿಟೇಶನ್ ಆ ಒಬ್ಬರಿಗೇ. "ದ ವೋಲ್ ಫ್ಯಾಮಿಲಿ ಈಸ್ ವೆಲ್ಕಮ್" ಅಂತ ಬರೀರಿ. ಊಟಕ್ಕೆ ಲೆಕ್ಕ ಬೇಕಲ್ವಾ, ಅದಕ್ಕೆ "ಕುಡ್ ಯು ಲೆಟ್ ಅಸ್ ನೋ ಬೈ ವೆಡ್ನೆಸ್‌ಡೇ ಹೌ ಮೆನಿ ಆಫ್ ಯು ವಿಲ್ ಬಿ ಕಮಿಂಗ್?" ಅಂತ ಕೇಳೋದ್ರಲ್ಲಿ ಸಂಕೋಚ ಬೇಡ, ಅಲ್ಲಿ ಎಲ್ಲರೂ ಕೇಳ್ತಾರೆ.

ಯಾರಾದ್ರೂ ಬರೋಕಾಗಲ್ಲ ಅಂದ್ರೆ "ವೈ? ವಾಟ್ ಹ್ಯಾಪನ್ಡ್?" ಅಂತ ಕಾರಣ ಕೆದಕಬೇಡಿ, "ನೋ ವರೀಸ್, ವೀ ವಿಲ್ ಮಿಸ್ ಯು" ಅಂದು ಬಿಟ್ಬಿಡಿ. ಬರ್ತೀವಿ ಅಂದವ್ರಿಗೆ ಹಿಂದಿನ ದಿನ ಲೊಕೇಶನ್ ಕಳಿಸಿ "ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯು ಟುಮಾರೋ" ಅಂತ ಹಾಕಿ. ಆಗ ಎಷ್ಟೋ ಜನ "ಕ್ಯಾನ್ ವೀ ಬ್ರಿಂಗ್ ಎನಿಥಿಂಗ್?" ಅಂತ ಕೇಳ್ತಾರೆ, "ಜಸ್ಟ್ ಬ್ರಿಂಗ್ ಯುವರ್‌ಸೆಲ್ವ್ಸ್" ಅನ್ನಿ, ಪೂಜೆ ಇರೋ ಮನೆಗೆ ವೈನ್ ಬಾಟಲಿ ಬರಬಾರದು ಅಂದ್ರೆ "ಇಟ್ಸ್ ಎ ಪೂಜಾ, ಸೋ ನೋ ಆಲ್ಕೋಹಾಲ್, ಅಂಡ್ ದ ಫುಡ್ ಈಸ್ ಆಲ್ ವೆಜಿಟೇರಿಯನ್" ಅಂತ ಅದೇ ಮೆಸೇಜಲ್ಲೇ ತಿಳಿಸಿಬಿಡಿ.