ನೆನಪಲ್ಲಿರೋ ಜಾಗನ ಲಿನೋದಲ್ಲಿ ಅಚ್ಚು ಹಾಕೋದು ಹೇಗೆ

ಫಿನ್‌ಲ್ಯಾಂಡಿನ ಅಕ್ಸೆಲಿ ಗಾಲೆನ್-ಕಲ್ಲೆಲಾ (1865–1931) ಅಂದ್ರೆ ಜನಕ್ಕೆ ನೆನಪಾಗೋದು ಅಲ್ಲಿನ ಮಹಾಕಾವ್ಯ ಕಾಲೆವಾಲಾದ ಪೇಂಟಿಂಗ್‌ಗಳು, ಆದ್ರೆ ಅಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚು ಹಾಕಿ ಚಿತ್ರ ಮಾಡೋ ಕಲೆ) ಶುರು ಮಾಡ್ದವ್ರಲ್ಲಿ ಅವ್ರೂ ಒಬ್ರು. 1895ರಲ್ಲಿ ಬರ್ಲಿನ್‌ನಲ್ಲಿ ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಜೊತೆ ಎಕ್ಸಿಬಿಷನ್ ಇದ್ದಾಗ ಇತ್ತ ಗಾಲೆನ್-ಕಲ್ಲೆಲಾ ಅವ್ರ ಪುಟ್ಟ ಮಗಳು ತೀರ್ಕೊಂಡ್ಲು, ಡಿಫ್ತೀರಿಯಾ. 'ಸಾವಿನ ಹೂವು' ಅನ್ನೋ ವುಡ್‌ಕಟ್ (ಮರದ ಹಲಗೆ ಕೆತ್ತಿ ತೆಗೆದ ಅಚ್ಚು) ಅದೇ ವರ್ಷದ್ದು.

ನಾವು ಕಲಿಯೋಕೆ ಮಾತ್ರ ಅವ್ರ 1905ರ, ಫಿನ್‌ಲ್ಯಾಂಡಿನ ಕೆಯ್ತೆಲೆ ಸರೋವರದ ಪೇಂಟಿಂಗ್‌ಗಳನ್ನ ನೋಡಿ, ಅದ್ರಲ್ಲಿ ಒಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಲಿದೆ. ಮೇಲ್ಗಡೆ ಒಂದು ಪುಟಾಣಿ ದ್ವೀಪ, ಮಿಕ್ಕಿದ್ದೆಲ್ಲ ನೀರು, ಅದ್ರ ಮೇಲೆ ಅಂಕುಡೊಂಕು ಬೆಳ್ಳಿ ಪಟ್ಟೆಗಳು, ಅಷ್ಟೇ. ಲಿನೋಗೆ, ಅಂದ್ರೆ ಉಳಿಯಿಂದ ಕೆತ್ತಿ ಅಚ್ಚು ಹಾಕೋ ಲಿನೋಲಿಯಂ ಹಾಳೆಗೆ, ಹೇಳಿ ಮಾಡಿಸ್ದಂಗಿದೆ.

ಈಗ ನಿಮ್ಮ ನೆನಪಲ್ಲಿರೋ ಜಾಗ. ಫೋಟೋ ನೋಡ್ಲೇಬೇಡಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ದಪ್ಪ ಮಾರ್ಕರ್ ಹಿಡ್ಕೊಂಡು ಎರಡೇ ನಿಮಿಷದಲ್ಲಿ ಬರೀರಿ, ನೆನಪಿಗೆ ಬರದೇ ಇರೋದು ಬಿಳಿಯಾಗೇ ಉಳೀಲಿ. ಲಿನೋದಲ್ಲಿ ಕೆತ್ತಿ ತೆಗೆದಿದ್ದು ಬಿಳಿ, ಬಿಟ್ಟಿದ್ದು ಕಪ್ಪು, ಹಾಗಾಗಿ ಮರೆತಿದ್ದನ್ನ ಕೆತ್ತಿ ಹಾಕೋದೇ ಇಲ್ಲಿ ಕೆಲ್ಸ.

ಬರೆದಿದ್ದನ್ನ ಟ್ರೇಸಿಂಗ್ ಪೇಪರಿಗೆ ಇಳಿಸಿ, ಅದನ್ನ ಮಗುಚಿ ಲಿನೋ ಮೇಲೆ ಹಾಕಿ ಗೆರೆಗಳನ್ನ ಮೂಡಿಸಿ, ಯಾಕಂದ್ರೆ ಪ್ರಿಂಟ್ ಕನ್ನಡಿ ಥರ ಉಲ್ಟಾ ಬರತ್ತೆ. ನಾನು ಮೊದಲ್ನೇ ಸಲ ಮರ್ತು, ಎಡಗಡೆ ಇರ್ಬೇಕಾದ ದೋಣಿ ಬಲಗಡೆ ಹೋಗಿ ಕೂತಿತ್ತು, ಆಮೇಲೆ ನಂಗೇ ಅದು ಯಾವ ದಡ ಅಂತ ಗೊತ್ತಾಗ್ಲಿಲ್ಲ! ಲಿನೋ ಗಟ್ಟಿ ಇದ್ರೆ ಸ್ವಲ್ಪ ಹೊತ್ತು ಬಿಸ್ಲಲ್ಲಿಡಿ, ಬೆಣ್ಣೆ ಥರ ಕೆತ್ತಬಹುದು. ಅಲೆಗಳಿಗೆ ವಿ ಆಕಾರದ ಬಾಯಿರೋ ಉಳಿ, ಆಕಾಶಕ್ಕೆ ಯು ಆಕಾರದ್ದು. ಲಿನೋನ ಹಿಡ್ಕೊಂಡಿರೋ ಕೈ ಯಾವಾಗ್ಲೂ ಉಳಿ ಬಾಯಿಗಿಂತ ಹಿಂದೆ ಇರ್ಲಿ, ಇದನ್ನ ಮಾತ್ರ ತಮಾಷೆ ಮಾಡ್ಬೇಡಿ. ಬಿಳಿ ತೊಗಟೆಯ ಬರ್ಚ್ ಮರ ಬೇಕಾ, ಕಾಂಡ ಪೂರ್ತಿ ಕೆತ್ತಿ ತೆಗ್ದು ನಾಕೈದು ಕಪ್ಪು ಚುಕ್ಕಿ ಬಿಡಿ, ಸಾಕು.

ಇಂಕನ್ನ ಗಾಜಿನ ಮೇಲೆ ರೋಲರ್‌ನಿಂದ ತೆಳ್ಳಗೆ ಹರಡಿ, ರೋಲರ್ ಚರಚರ ಅನ್ಬೇಕು, ಆಮೇಲೆ ಅದನ್ನ ಲಿನೋ ಮೇಲೆ ಉರುಳಿಸಿ. ಇಂಕ್ ಜಾಸ್ತಿ ಆದ್ರೆ ಸಣ್ಣ ಗೆರೆಗಳೆಲ್ಲ ತುಂಬ್ಕೊಂಡು ಸರೋವರ ಹೋಗಿ ಟಾರ್ ರೋಡ್ ಆಗತ್ತೆ. ಪ್ರೆಸ್ ಬೇಡ, ತೆಳು ಪೇಪರ್ ಇಟ್ಟು ಚಮಚದ ಬೆನ್ನಲ್ಲಿ ಗುಂಡಗೆ ಉಜ್ಜಿ, ಒಂದು ಮೂಲೆ ಎತ್ತಿ ನೋಡ್ಕೊಳ್ಳಿ, ಮಿಕ್ಕಿದ್ದು ಅಲುಗಬಾರ್ದು.

ನಂಗಿಷ್ಟದ ಆಟ ಇನ್ನೊಂದಿದೆ. ಮೂರು ಪ್ರಿಂಟ್ ತೆಗ್ದು, ಅದೇ ಬ್ಲಾಕನ್ನ ಇನ್ನಷ್ಟು ಕೆತ್ತಿ ಮತ್ತೆ ಮೂರು, ಮತ್ತೆ ಕೆತ್ತಿ ಮತ್ತೆ ಮೂರು. ದ್ವೀಪ ಹೋಗತ್ತೆ, ಮರ ಹೋಗತ್ತೆ, ಕೊನೇಗೆ ಒಂದೆರಡು ಪಟ್ಟೆ ಉಳಿಯತ್ತೆ. ಕೆತ್ತಿದ್ದು ವಾಪಸ್ ಬರಲ್ಲ, ಅದ್ಕೇ ಮೊದಲ್ನೇ ಮೂರನ್ನ ಬೇರೆ ಎತ್ತಿಡಿ, ಪೆನ್ಸಿಲ್‌ನಲ್ಲಿ ನಂಬರ್ ಹಾಕಿ.